ಸಂದೂಕದ ಬೆಳ್ಳಿಗೆ ಯಾರ ಮುದ್ರೆ?

ಹಳೆಯ ಬೆಳ್ಳಿ ನಾಣ್ಯಗಳ ಬಗ್ಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಒಂದಾದ ಮೇಲೊಂದು ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಸೀಮೆಯವರಿಗೇ. ಕೆಲವರ ಮನೆಯ ಬೆಳ್ಳಿ ಮೈಸೂರಿನದು, ಇನ್ನು ಕೆಲವರದು ಯುರೋಪಿನಿಂದ ಬಂದದ್ದು. ಎರಡರಲ್ಲೂ ಕೇಳಬೇಕಾದ ಪ್ರಶ್ನೆ ಮಾತ್ರ ಎರಡೇ: ನಾಣ್ಯದ ಮೇಲೆ ಯಾರ ಹೆಸರಿದೆ, ಒಳಗೆ ಬೆಳ್ಳಿ ಎಷ್ಟಿದೆ?

ಪ್ರಶ್ನೆ: ತೀರಿಹೋದ ಅಜ್ಜಿಯ ಸಂದೂಕದಲ್ಲಿ ಪಾರಸಿ ಬರಹದ ಕೆಲವು ಬೆಳ್ಳಿ ನಾಣ್ಯ ಸಿಕ್ಕಿವೆ. ಅಕ್ಕಸಾಲಿಗರು ‘ಇವು ಟಿಪ್ಪು ರೂಪಾಯಿ’ ಅಂದರು. ಅಪ್ಪಯ್ಯ ಮಾತ್ರ ‘ಅಲ್ಲ, ಮೈಸೂರು ಅರಸರದ್ದು’ ಅನ್ನುತ್ತಾರೆ. ಫೋಟೊ ಕಳಿಸಿದ್ದೇನೆ. ಯಾರ ಮಾತು ಸರಿ?
— ಓದುಗರು, ಮೇಗುಂದ ಹೋಬಳಿ, ಕೊಪ್ಪ ತಾಲ್ಲೂಕು

ಉತ್ತರ: ಇಬ್ಬರದೂ ಸರಿ. ನಿಮ್ಮ ಫೋಟೊಗಳಲ್ಲಿ ಎರಡು ನಾಣ್ಯ ಟಿಪ್ಪುವಿನವು. ಮಿಕ್ಕವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು.

ಗೊಂದಲಕ್ಕೆ ಕಾರಣವಿದೆ. ಒಡೆಯರ ರೂಪಾಯಿಯ ಮೇಲೆ ಒಡೆಯರ ಹೆಸರೇ ಇಲ್ಲ. ಅಲ್ಲಿರುವುದು ದೆಹಲಿಯ ಮೊಗಲ ಬಾದಶಹ ಶಾ ಆಲಂ ಹೆಸರಿನ ಪಾರಸಿ ದ್ವಿಪದಿ, ಹಿಂಬದಿಯಲ್ಲಿ ಟಂಕಸಾಲೆಯ ಊರು ‘ಮಹಿಸೂರ್’. ಶಾ ಆಲಂ 1806ರಲ್ಲೇ ತೀರಿಕೊಂಡರೂ ಮೈಸೂರಿನ ಅಚ್ಚು ಬದಲಾಗಲಿಲ್ಲ. ಸತ್ತ ಬಾದಶಹನ ಹೆಸರಿನಲ್ಲೇ ವರ್ಷಗಟ್ಟಲೆ ರೂಪಾಯಿ ಬಿದ್ದವು. ಸಂತೆಯಲ್ಲಿ ಸರಾಫನ ಕಣ್ಣಿಗೆ ಪರಿಚಯವಿರುವ ಮುದ್ರೆಯನ್ನು ಬದಲಿಸಿದರೆ ನಾಣ್ಯ ಓಡುವುದಿಲ್ಲ ಎಂಬುದು ಆಗಿನ ಲೆಕ್ಕ.

ಟಿಪ್ಪು ಈ ಪದ್ಧತಿಯನ್ನು ಮುರಿದವನು. ಅವನ ರೂಪಾಯಿಯಲ್ಲಿ ಮೊಗಲರ ಹೆಸರಿಗೆ ಜಾಗವಿಲ್ಲ. ಹೈದರನ ಜಯದಿಂದ ಪ್ರವಾದಿಯ ಧರ್ಮ ಲೋಕದಲ್ಲಿ ಬೆಳಗಿತು ಎಂಬ ಅರ್ಥದ ಸಾಲು ಒಂದು ಬದಿಯಲ್ಲಿರುತ್ತದೆ. ಬೆಳ್ಳಿಯ ಬಹುಪಾಲು ಬಿದ್ದದ್ದು ‘ಪಟ್ಟಣ’ದಲ್ಲಿ, ಅಂದರೆ ಶ್ರೀರಂಗಪಟ್ಟಣದಲ್ಲಿ. ನಿಮ್ಮ ಸೀಮೆಗೆ ಹತ್ತಿರದ ಟಂಕಸಾಲೆ ನಗರ, ಹಳೆಯ ಬಿದನೂರು. ಅಲ್ಲಿನ ತಾಮ್ರದ ಆನೆಕಾಸು ಮಲೆನಾಡಿನ ಮನೆಗಳಲ್ಲಿ ಈಗಲೂ ಕಾಣಸಿಗುತ್ತದೆ.

ಪಾರಸಿ ಬಾರದವರೂ ಇವೆರಡನ್ನು ಬೇರೆ ಮಾಡಬಹುದು. ಇಸವಿಯ ಅಂಕಿಗಳನ್ನು ಹುಡುಕಿ. ಪಾರಸಿಯಲ್ಲಿ ಒಂದು ಅಂದರೆ ನೆಟ್ಟಗಿನ ಗೀಟು, ಎರಡು ಅಂದರೆ ಅದೇ ಗೀಟಿನ ತಲೆಗೊಂದು ಕೊಕ್ಕೆ. ಒಡೆಯರ ರೂಪಾಯಿಯಲ್ಲಿ ಹಿಜರಿ ಇಸವಿ ಎಡದಿಂದ ಬಲಕ್ಕೆ ಇರುತ್ತದೆ, ಗೀಟು ಎಡತುದಿಯಲ್ಲಿ. ಟಿಪ್ಪು 1787ರ ಸುಮಾರಿಗೆ ಹಿಜರಿಯನ್ನು ಬಿಟ್ಟು ‘ಮೌಲೂದಿ’ ಎಂಬ ಹೊಸ ಶಕೆ ತಂದ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1216 ಎಂಬುದು ನಮ್ಮ ಕಣ್ಣಿಗೆ 6121 ಎಂದು ಕಾಣುತ್ತದೆ, ಗೀಟು ಬಲತುದಿಗೆ ಹೋಗಿರುತ್ತದೆ. ನಿಮ್ಮ ಎರಡು ನಾಣ್ಯಗಳಲ್ಲಿ ಇರುವುದು ಇದೇ. ಅವನ ಆಳ್ವಿಕೆಯ ಮೊದಲ ವರ್ಷಗಳ ನಾಣ್ಯಗಳಲ್ಲಿ ಮಾತ್ರ ಹಿಜರಿ 1197ರಿಂದ 1200ರವರೆಗಿನ ಇಸವಿ ಮಾಮೂಲಿ ಕ್ರಮದಲ್ಲೇ ಇದೆ. ಒಡೆಯರ ಪಟ್ಟಾಭಿಷೇಕ 1799ರಲ್ಲಿ ಆದದ್ದು, ಅಂದರೆ ಹಿಜರಿ 1214. ಹಾಗಾಗಿ ಅಲ್ಲೂ ಬೆರಕೆಯಾಗುವ ಭಯವಿಲ್ಲ.

ಒಡೆಯರ ಚಿಲ್ಲರೆ ಬೆಳ್ಳಿ ಸಿಕ್ಕರೆ ಬಿಡಬೇಡಿ. ಪಾವಲಿಯ ಒಂದು ಬದಿಯಲ್ಲಿ ನರ್ತಿಸುವ ಚಾಮುಂಡಿ, ಇನ್ನೊಂದು ಬದಿಯಲ್ಲಿ ಪಾರಸಿ ಅಕ್ಷರದಲ್ಲಿ ಕೃಷ್ಣರಾಜ ಒಡೆಯರ ಹೆಸರು. ದೊಡ್ಡ ನಾಣ್ಯದಲ್ಲಿ ಬಾದಶಹನಿಗೆ ಮರ್ಯಾದೆ, ಚಿಕ್ಕದರಲ್ಲಿ ಮನೆದೇವರಿಗೆ ಜಾಗ!

ಪ್ರಶ್ನೆ: ನಮ್ಮ ಭಾಗದ ಹಳೆಯ ಶಾಸನ, ಕಡತಗಳಲ್ಲಿ ಎಲ್ಲಿ ನೋಡಿದರೂ ವರಹ, ಹಣ ಎಂದೇ ಇರುತ್ತದೆ. ಅವು ಚಿನ್ನದವು. ಬೆಳ್ಳಿ ಯಾಕೆ ಇಷ್ಟು ಕಡಿಮೆ?
— ನಿವೃತ್ತ ಅಧ್ಯಾಪಕರು, ಶೃಂಗೇರಿ

ಉತ್ತರ: ನೆಲದಲ್ಲಿ ಸಿಗುವ ಲೋಹವೇ ನಾಣ್ಯದ ಲೋಹವನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಕರ್ನಾಟಕದಲ್ಲಿ ಕೋಲಾರ, ಹಟ್ಟಿಯ ಚಿನ್ನವಿತ್ತು. ಬೆಳ್ಳಿಯ ಗಣಿ ಇರಲಿಲ್ಲ. ಬೆಳ್ಳಿ ಬರಬೇಕಾದರೆ ಹಡಗಿನಲ್ಲೇ ಬರಬೇಕು. ಘಟ್ಟದ ಮೇಲಿನ ಕಾಳುಮೆಣಸು ಎತ್ತಿನ ಮೇಲೆ ಇಳಿದು ಬಸರೂರು, ಹೊನ್ನಾವರ, ಮಂಗಳೂರಿಗೆ ಹೋಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಪರಂಗಿಗಳು ತಂದದ್ದರಲ್ಲಿ ಬೆಳ್ಳಿಯೂ ಸೇರಿತ್ತು. ಆದರೆ ರಾಜರ ಲೆಕ್ಕ ನಡೆಯುತ್ತಿದ್ದದ್ದು ಚಿನ್ನದಲ್ಲಿ. ವಿಜಯನಗರದವರು ‘ತಾರ’ ಎಂಬ ಪುಟ್ಟ ಬೆಳ್ಳಿ ನಾಣ್ಯ ಹೊರಡಿಸಿದ್ದರೂ ಅವರ ಹೆಸರು ನಿಂತದ್ದು ವರಹದಿಂದಲೇ. ಕೆಳದಿ ನಾಯಕರ ಇಕ್ಕೇರಿ ವರಹದಲ್ಲಿ ಶಿವ ಪಾರ್ವತಿಯರು ಕೂತಿದ್ದಾರೆ, ಹಿಂಬದಿಯಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಬಿದನೂರನ್ನು ಗೆದ್ದ ಹೈದರಲಿ ಆ ಶಿವ ಪಾರ್ವತಿಯರನ್ನು ತೆಗೆಯಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನಷ್ಟೇ ಒತ್ತಿಸಿದ. ಜನ ನಂಬಿದ ಮುದ್ರೆಯನ್ನು ಉಳಿಸಿಕೊಳ್ಳುವುದು ಒಡೆಯರ ಕಾಲಕ್ಕೆ ಶುರುವಾದದ್ದಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ನಿಮ್ಮ ಊರಿನದೇ ದಾಖಲೆಯೊಂದಿದೆ. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ನೆರವು ಕೊಡುವಂತೆ ಬಿದನೂರಿನ ತನ್ನ ಅಧಿಕಾರಿ ಆಸಫನಿಗೆ ಟಿಪ್ಪು ಬರೆಸಿದ. 1916ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದ ಆ ಕಾಗದಗಳಲ್ಲಿ ನಗದಿನ ಲೆಕ್ಕ 200 ರಾಹತಿ ಎಂದಿದೆ. ರಾಹತಿ ಎಂದರೆ ಟಿಪ್ಪುವಿನ ಚಿನ್ನದ ಹಣ. ಬೆಳ್ಳಿ ರೂಪಾಯಿ ಟಂಕಿಸುತ್ತಿದ್ದ ಸುಲ್ತಾನನೂ ಮಲೆನಾಡಿನ ಮಠಕ್ಕೆ ನೆರವು ಕೊಡಿಸುವಾಗ ಚಿನ್ನದಲ್ಲೇ ಎಣಿಸಿದ.

ಇದಕ್ಕೆ ಪೂರಾ ಎದುರು ಜರ್ಮನಿಯ ಕಥೆ. ಅಲ್ಲಿನ ಹಾರ್ಜ್ ಬೆಟ್ಟಗಳಲ್ಲೂ ಸ್ಯಾಕ್ಸನಿಯ ಗಡಿಬೆಟ್ಟಗಳಲ್ಲೂ ಬೆಳ್ಳಿ ಧಾರಾಳವಾಗಿತ್ತು. ಸ್ಯಾಕ್ಸನಿಗೆ ತಾಗಿದ ಬೊಹೀಮಿಯಾದ ಯೋಆಖಿಮ್ಸ್‌ಥಾಲ್ ಎಂಬ ಗಣಿಯೂರಿನಲ್ಲಿ 1520ರ ಸುಮಾರಿಗೆ ದೊಡ್ಡ ಬೆಳ್ಳಿ ನಾಣ್ಯ ಬಿದ್ದಿತು. ಊರಿನ ಹೆಸರಿನಿಂದ ಅದು ಥಾಲರ್ ಆಯಿತು. ಆಮೇಲೆ ನಾಲ್ಕು ಹಳ್ಳಿ, ಒಂದು ಕೋಟೆ ಇದ್ದ ಅರಸನೂ ತನ್ನ ಮುಖ ಒತ್ತಿಸಿ ಥಾಲರ್ ಹೊರಡಿಸತೊಡಗಿದ. ಅಲ್ಲೂ ಹಿಂಬದಿಯಲ್ಲಿ ಎಷ್ಟೋ ಸಲ ಚಕ್ರವರ್ತಿಯ ಎರಡು ತಲೆಯ ಹದ್ದು ಇರುತ್ತಿತ್ತು. ದೂರದ ದೊರೆಗೆ ಹೆಸರು, ಹತ್ತಿರದ ದೊರೆಗೆ ಲಾಭ.

ಪ್ರಶ್ನೆ: ನಮ್ಮ ಮುತ್ತಜ್ಜ ಮಂಗಳೂರಿಗೆ ಕಾಫಿ ಸಾಗಿಸುತ್ತಿದ್ದವರು. ಅವರ ಪೆಟ್ಟಿಗೆಯಲ್ಲಿ ದಪ್ಪ ಹೆಂಗಸಿನ ಮುಖವಿರುವ ಭಾರಿ ಬೆಳ್ಳಿ ನಾಣ್ಯವಿದೆ. ಇಸವಿ 1780. ಇಷ್ಟು ಹಳೆಯದಾದರೆ ಲಕ್ಷಗಟ್ಟಲೆ ಬಾಳಬೇಕಲ್ಲವೇ?
— ಓದುಗರು, ಬಾಳೆಹೊನ್ನೂರು

ಉತ್ತರ: ಬೆಲೆಯ ಆಸೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಿ. ಕಥೆ ಮಾತ್ರ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಆಕೆ ಆಸ್ಟ್ರಿಯಾದ ರಾಣಿ ಮಾರಿಯಾ ತೆರೇಸಾ. 1780ರಲ್ಲಿ ತೀರಿಕೊಂಡಳು. ಕೆಂಪು ಸಮುದ್ರದ ಸುತ್ತಿನ ವ್ಯಾಪಾರಿಗಳು, ಅದರಲ್ಲೂ ಯೆಮನ್ನಿನ ಕಾಫಿ ಮಾರುವವರು, ಆಕೆಯ ಥಾಲರನ್ನು ಬಿಟ್ಟು ಬೇರೆ ನಾಣ್ಯ ಮುಟ್ಟಲು ಒಪ್ಪದ ಕಾರಣ, ರಾಣಿ ಸತ್ತ ಮೇಲೂ 1780 ಎಂಬ ಇಸವಿಯನ್ನೇ ಇಟ್ಟುಕೊಂಡು ಅದನ್ನು ಅಚ್ಚು ಹಾಕುತ್ತಲೇ ಹೋದರು. ವಿಯೆನ್ನಾ, ರೋಮ್, ಲಂಡನ್, ಪ್ಯಾರಿಸ್‌ಗಳಲ್ಲಿ ಬಿದ್ದಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ, 1940-41ರಲ್ಲಿ, ನಮ್ಮ ಮುಂಬಯಿ ಟಂಕಸಾಲೆಯಲ್ಲೂ ಬಿದ್ದಿದೆ. ಹಾಗಾಗಿ ಇಸವಿ ನೋಡಿ ವಯಸ್ಸು ಹೇಳುವಂತಿಲ್ಲ.

ಮುಖದ ಕೆಳಗೆ ‘ಎಸ್. ಎಫ್.’ ಎಂಬ ಎರಡು ರೋಮನ್ ಅಕ್ಷರ ಇವೆಯೇ ನೋಡಿ. ಗ್ಯೂನ್ಸ್‌ಬುರ್ಗ್ ಟಂಕಸಾಲೆಯ ಇಬ್ಬರು ಅಧಿಕಾರಿಗಳ ಹೆಸರಿನ ಮೊದಲಕ್ಷರಗಳವು. ಆ ಊರು ಇಂದಿನ ಬವೇರಿಯಾದಲ್ಲಿದೆ, ಆಗ ಆಸ್ಟ್ರಿಯಾದ ಕೈಕೆಳಗಿದ್ದ ಜರ್ಮನ್ ಸೀಮೆ. ಆ ಅಕ್ಷರಗಳು ಮುಂದಿನ ಎಲ್ಲ ಮರುಟಂಕಗಳಲ್ಲೂ ಉಳಿದುಬಂದವು. ಸಾಚಾ ಥಾಲರಿನ ಅಂಚಿನಲ್ಲಿ ‘ನ್ಯಾಯ ಮತ್ತು ದಯೆ’ ಎಂಬರ್ಥದ ಲ್ಯಾಟಿನ್ ಬರಹ ಉಬ್ಬಾಗಿ ಇರುತ್ತದೆ. ತೂಕ 28.06 ಗ್ರಾಂ, ಸಾವಿರಕ್ಕೆ 833 ಪಾಲು ಬೆಳ್ಳಿ.

ಬಾಬಾ ಬುಡನ್ ಗಿರಿಗೆ ಮೋಖಾದ ಕಾಫಿ ಬೀಜ ಬಂದ ಕಥೆ ನಿಮಗೆ ಗೊತ್ತೇ ಇದೆ. ಮೋಖಾದ ಕಾಫಿಗೆ ಬೆಲೆ ಕಟ್ಟುತ್ತಿದ್ದ ನಾಣ್ಯ, ಕಾಫಿ ಸಾಗಿಸಿದ ಮಲೆನಾಡಿಗನ ಪೆಟ್ಟಿಗೆಯಲ್ಲಿ ಸಿಕ್ಕಿದೆ. ಮಂಗಳೂರಿನ ಬಂದರಿನಲ್ಲಿ ಅರಬ್ಬಿ ಹಡಗುಗಳ ಓಡಾಟವಿದ್ದದ್ದರಿಂದ ಇದರಲ್ಲಿ ಅಚ್ಚರಿಯಿಲ್ಲ. ಮುತ್ತಜ್ಜನ ಕಾಲದ ಲೆಕ್ಕದ ಪುಸ್ತಕವೇನಾದರೂ ಉಳಿದಿದ್ದರೆ ಅದನ್ನೂ ನಾಣ್ಯದ ಜೊತೆಗೇ ಇಡಿ.

ಪ್ರಶ್ನೆ: ಕನ್ನಡ ನಿಘಂಟು ಕೊಟ್ಟ ಕಿಟೆಲ್ ಹುಟ್ಟಿದ ನಾಡಿನ, ಅವರ ಕಾಲದ ಬೆಳ್ಳಿ ನಾಣ್ಯವೊಂದನ್ನು ನಮ್ಮ ಶಾಲೆಗೆ ತರಿಸಬೇಕೆಂದಿದ್ದೇವೆ. ಯಾವುದನ್ನು ಕೇಳಬೇಕು?
— ಕನ್ನಡ ಶಿಕ್ಷಕಿ, ನರಸಿಂಹರಾಜಪುರ

ಉತ್ತರ: ಬಹಳ ಒಳ್ಳೆಯ ಯೋಚನೆ. ‘ಜರ್ಮನಿಯ ನಾಣ್ಯ’ ಎಂದು ಮಾತ್ರ ಕೇಳಬೇಡಿ. ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದಾಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. 1815ರ ನಂತರದ ಜರ್ಮನ್ ಒಕ್ಕೂಟದಲ್ಲಿ 39 ರಾಜ್ಯಗಳಿದ್ದವು. ಕಿಟೆಲ್ ಹುಟ್ಟಿದ ರೆಸ್ಟರ್‌ಹಾಫೆ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಆದ್ದರಿಂದ ‘ಹ್ಯಾನೋವರ್ ಥಾಲರ್’ ಎಂದು ಕೇಳಿ.

1832ರಲ್ಲಿ ಹ್ಯಾನೋವರಿನ ದೊರೆ ನಾಲ್ಕನೇ ವಿಲಿಯಂ, ಅವನೇ ಇಂಗ್ಲೆಂಡಿನ ದೊರೆಯೂ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ಹೊರಡಿಸಿದ ರೂಪಾಯಿಯ ಮೇಲಿರುವುದೂ ಅವನ ಮುಖವೇ. ಅವನು 1837ರಲ್ಲಿ ಸತ್ತಾಗ ಇಂಗ್ಲೆಂಡು ವಿಕ್ಟೋರಿಯಾಗೆ ಹೋಯಿತು. ಹ್ಯಾನೋವರಿನಲ್ಲಿ ಹೆಣ್ಣಿಗೆ ಪಟ್ಟವಿಲ್ಲದ್ದರಿಂದ ಅದು ಆಕೆಯ ಚಿಕ್ಕಪ್ಪ ಎರ್ನ್ಸ್ಟ್ ಆಗಸ್ಟ್‌ಗೆ ಹೋಯಿತು. ಕಿಟೆಲ್ ಬಾಲ್ಯದಲ್ಲಿ ಕಂಡ ಮುಖ ಈ ಚಿಕ್ಕಪ್ಪನದು. ಅದರ ಪಕ್ಕದಲ್ಲಿ 1840ರ ವಿಕ್ಟೋರಿಯಾ ರೂಪಾಯಿಯನ್ನು ಇಡಿ. ಅದು ನಿಮ್ಮ ಊರಿನಲ್ಲೇ ಯಾರದಾದರೂ ಮನೆಯಲ್ಲಿ ಸಿಕ್ಕೀತು. ಒಂದೇ ಮನೆತನದ ಚಿಕ್ಕಪ್ಪ, ಅಣ್ಣನ ಮಗಳ ಎರಡು ನಾಣ್ಯ ಮಕ್ಕಳಿಗೆ ಒಂದು ತರಗತಿಯಷ್ಟು ಪಾಠ ಹೇಳುತ್ತವೆ.

ಸಿಕ್ಕರೆ ಎರ್ನ್ಸ್ಟ್ ಆಗಸ್ಟ್‌ನ ಕೊನೆಯ ವರ್ಷಗಳ ಗಣಿಥಾಲರ್ ಕೊಳ್ಳಿ. ಅದರ ಮೇಲೆ ‘ಹಾರ್ಜ್ ಗಣಿಗಳ ವರ’ ಎಂಬರ್ಥದ ಬರಹವಿದೆ. ಆ ಬೆಟ್ಟದಿಂದ ತೆಗೆದ ಬೆಳ್ಳಿ ಎಂಬ ಹೆಮ್ಮೆಯನ್ನು ನಾಣ್ಯವೇ ಸಾರುತ್ತದೆ.

ಮಕ್ಕಳಿಂದ ಮಾಡಿಸಬಹುದಾದ ಲೆಕ್ಕವೂ ಇದೆ. 1857ರ ನಂತರದ ಒಕ್ಕೂಟದ ಥಾಲರ್ ಮೇಲೆ ‘30, ಒಂದು ಪೌಂಡ್ ಅಪ್ಪಟ’ ಎಂಬರ್ಥದ ಬರಹ ಇರುತ್ತದೆ. ಅಲ್ಲಿನ ಪೌಂಡ್ ಎಂದರೆ 500 ಗ್ರಾಂ. ಇಂಥ 30 ನಾಣ್ಯ ಕರಗಿಸಿದರೆ ಒಂದು ಪೌಂಡ್ ಅಪ್ಪಟ ಬೆಳ್ಳಿ ಸಿಗಬೇಕು. ಭಾಗಿಸಿದರೆ ಒಂದಕ್ಕೆ 16.67 ಗ್ರಾಂ. ನಮ್ಮ 11.66 ಗ್ರಾಮಿನ ರೂಪಾಯಿಯಲ್ಲಿ ಅಪ್ಪಟ ಬೆಳ್ಳಿ ಸುಮಾರು 10.69 ಗ್ರಾಂ. ಹಾಗಾದರೆ ಒಂದು ಥಾಲರ್ ಎಂದರೆ ಒಂದೂವರೆ ರೂಪಾಯಿಗಿಂತ ತುಸು ಹೆಚ್ಚು. ‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್ ಹುಟ್ಟಿದ ವುರ್ಟೆಂಬರ್ಗಿನಲ್ಲಿ ನಡೆಯುತ್ತಿದ್ದದ್ದು ಇನ್ನೊಂದು ನಾಣ್ಯ, ಗುಲ್ಡನ್. ಒಂದು ಗುಲ್ಡನ್‌ಗೆ 60 ಕ್ರಾಯ್ಟ್‌ಸರ್. ಅದರ ಬೆಳ್ಳಿ ನಮ್ಮ ರೂಪಾಯಿಗಿಂತ ಕೊಂಚ ಕಡಿಮೆ. ಇಬ್ಬರೂ ಬಾಸೆಲ್ ಮಿಷನ್ನಿನವರೇ, ಇಬ್ಬರ ಹುಟ್ಟೂರಿನ ಚಿಲ್ಲರೆ ಮಾತ್ರ ಬೇರೆ ಬೇರೆ.

ಪ್ರಶ್ನೆ: ಅಂಗೈ ಅಗಲದ ಸೀಮೆಗೆಲ್ಲ ಸ್ವಂತ ನಾಣ್ಯ ಯಾಕೆ ಬೇಕಿತ್ತು? ಆಮೇಲೆ ಯಾಕೆ ನಿಂತುಹೋಯಿತು?
— ಪದವಿ ವಿದ್ಯಾರ್ಥಿ, ಕೊಪ್ಪ

ಉತ್ತರ: ನಾಣ್ಯದಲ್ಲಿ ಮಾನವೂ ಇತ್ತು, ಲಾಭವೂ ಇತ್ತು. ಬೆಳ್ಳಿಗೆ ಮುದ್ರೆ ಒತ್ತಿದ ಕೂಡಲೇ ಅದರ ಬೆಲೆ ತುಸು ಏರುತ್ತದೆ, ಆ ಏರಿಕೆ ಟಂಕಸಾಲೆಯ ಒಡೆಯನಿಗೆ. ಬೆಳ್ಳಿಗೆ ತಾಮ್ರ ಬೆರೆಸಿದರೆ ಇನ್ನೂ ಲಾಭ. ಜರ್ಮನ್ ಅರಸರು 1619ರಿಂದ 1623ರವರೆಗೆ ಈ ಆಟವನ್ನು ಎಷ್ಟು ಆಡಿದರೆಂದರೆ, ಚಿಲ್ಲರೆ ನಾಣ್ಯದಲ್ಲಿ ಬೆಳ್ಳಿ ಹೆಸರಿಗಷ್ಟೇ ಉಳಿದು ಸಂತೆಗಳೇ ನಿಂತುಹೋದವು.

ರಾಜ್ಯಕ್ಕೊಂದು ನಾಣ್ಯ ಇದ್ದಾಗ ನಿಜವಾಗಿ ಗೆಲ್ಲುವವನು ಸರಾಫ. ಒಂದು ಸೀಮೆಯ ರೂಪಾಯಿ ಇನ್ನೊಂದಕ್ಕೆ ಹೋದರೆ ವಟ್ಟ ಕಟ್ಟಲೇಬೇಕು. ನಿಮ್ಮ ಸೀಮೆಯ ಅಡಿಕೆ, ಮೆಣಸಿನ ವ್ಯಾಪಾರಿ ಇಕ್ಕೇರಿ ವರಹ, ಕಂಠೀರಾಯಿ ಹಣ, ಟಿಪ್ಪು ರೂಪಾಯಿ, ಕಂಪನಿ ರೂಪಾಯಿ ಎಲ್ಲವನ್ನೂ ಒಂದೇ ಜೋಳಿಗೆಯಲ್ಲಿ ಹಾಕಿಕೊಂಡು ಲೆಕ್ಕ ಹೊಂದಿಸಬೇಕಿತ್ತು.

ಇಲ್ಲಿ ಆ ಗೋಜಲು ಬಿಡಿಸಿದ್ದು ಕಂಪನಿ ಸರಕಾರ, ತನ್ನ ಅನುಕೂಲಕ್ಕಾಗಿ. 1835ರ ಕಾನೂನು ಒಂದು ತೊಲ ತೂಕದ ಒಂದೇ ರೂಪಾಯಿಯನ್ನು ಬ್ರಿಟಿಷ್ ಇಂಡಿಯಾಕ್ಕೆಲ್ಲ ಗೊತ್ತುಮಾಡಿತು. ಮೈಸೂರಿನ ಆಡಳಿತ 1831ರಲ್ಲೇ ಬ್ರಿಟಿಷರ ಕೈ ಸೇರಿತ್ತು. ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು, ಟಂಕದ ಹಕ್ಕು ಮರಳಲಿಲ್ಲ. ಜರ್ಮನರು ಅದೇ ಕೆಲಸವನ್ನು ತಾವೇ ಕೂತು ಒಪ್ಪಂದದಿಂದ ಮಾಡಿಕೊಂಡರು. 1838ರಲ್ಲಿ ಡ್ರೆಸ್ಡೆನ್‌ನಲ್ಲಿ, 1857ರಲ್ಲಿ ವಿಯೆನ್ನಾದಲ್ಲಿ ತೂಕ ಹೊಂದಿಸಿಕೊಂಡರು. ಮುಖ ಆಯಾ ದೊರೆಯದು, ಬೆಳ್ಳಿ ಎಲ್ಲರದೂ ಸಮ. ದೇಶ ಒಂದಾದ ಮೇಲೆ 1873ರ ಕಾನೂನು ಚಿನ್ನದ ಮಾರ್ಕ್ ತಂದಿತು.

ಈ ಕೊನೆಯ ಹೆಜ್ಜೆ ನಮ್ಮ ಜೇಬನ್ನೂ ಮುಟ್ಟಿತು. ಜರ್ಮನಿ ತನ್ನ ಹಳೆಯ ಥಾಲರುಗಳನ್ನು ಕರಗಿಸಿ ಬೆಳ್ಳಿಯನ್ನು ಪೇಟೆಗೆ ಸುರಿಯಿತು. ಅಮೆರಿಕದ ಹೊಸ ಗಣಿಗಳ ಬೆಳ್ಳಿಯೂ ಸೇರಿ ಬೆಲೆ ಕುಸಿಯಿತು. ಬೆಳ್ಳಿಯನ್ನೇ ನೆಚ್ಚಿದ್ದ ರೂಪಾಯಿ ಸುಮಾರು ಎರಡು ಶಿಲಿಂಗಿನಿಂದ 1892ರ ಹೊತ್ತಿಗೆ ಒಂದೂಕಾಲು ಶಿಲಿಂಗಿನ ಆಸುಪಾಸಿಗೆ ಇಳಿಯಿತು. ಕಾಫಿ ಕಳಿಸಿ ಪೌಂಡು ಎಣಿಸಿಕೊಳ್ಳುತ್ತಿದ್ದ ತೋಟದ ದೊರೆಗೆ ಪ್ರತಿ ಪೌಂಡಿಗೂ ಹೆಚ್ಚು ರೂಪಾಯಿ ಸಿಕ್ಕಿತು. ಲಂಡನ್ನಿಗೆ ಪೌಂಡಿನಲ್ಲಿ ಹಣ ಕಟ್ಟಬೇಕಿದ್ದ ಸರಕಾರದ ಬೊಕ್ಕಸ ಸೊರಗಿತು. ಯಾರು ಬೆಳ್ಳಿ ತಂದರೂ ರೂಪಾಯಿ ಅಚ್ಚು ಹಾಕಿಕೊಡುವ ಪದ್ಧತಿಯನ್ನು 1893ರಲ್ಲಿ ಸರಕಾರ ನಿಲ್ಲಿಸಿತು.

ಪ್ರಶ್ನೆ: ದೀಪಾವಳಿಯ ಲಕ್ಷ್ಮೀಪೂಜೆಗೆ ಹಳೆಯ ರೂಪಾಯಿಗಳನ್ನು ಹುಣಸೆಹಣ್ಣು ಹಾಕಿ ಬೆಳಗುತ್ತೇವೆ. ತಪ್ಪೇ? ಸೊಸೆಗೆ ರೂಪಾಯಿ ಸರ ಮಾಡಿಸುವ ಆಸೆಯೂ ಇದೆ.
— ಗೃಹಿಣಿ, ಹರಿಹರಪುರ

ಉತ್ತರ: ಪೂಜೆ ಮಾಡಿ, ಉಜ್ಜಬೇಡಿ. ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ, ಗಾಳಿಯ ಗಂಧಕ ಸೇರಿ ಆದ ತೆಳು ಪದರ. ಹುಣಸೆಹಣ್ಣು, ಬೂದಿ, ಪುಡಿ ಯಾವುದರಿಂದ ತಿಕ್ಕಿದರೂ ಆ ಪದರದ ಜೊತೆ ಅಕ್ಷರದ ಅಂಚೂ ಸವೆಯುತ್ತದೆ. ಸಂಗ್ರಹಕಾರರು ಬೆಲೆ ಕಟ್ಟುವುದು ಆ ಅಂಚಿಗೆ. ಅರಿಶಿನ ಕುಂಕುಮವನ್ನು ತಟ್ಟೆಗೆ ಹಚ್ಚಿ, ನಾಣ್ಯವನ್ನು ವೀಳ್ಯದೆಲೆಯ ಮೇಲಿಡಿ. ಹಾಲಿನಲ್ಲಿ ತೊಳೆದರೆ ಶುದ್ಧ ನೀರಿನಲ್ಲಿ ಅದ್ದಿ ತೆಗೆದು, ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ. ಮಲೆನಾಡಿನ ಮಳೆಗಾಲದಲ್ಲಿ ಒಂದೊಂದನ್ನೂ ಕಾಗದದ ಲಕೋಟೆಯಲ್ಲಿಟ್ಟು ಗಾಳಿಯಾಡದ ಡಬ್ಬಿಗೆ ಹಾಕಿ. ರಬ್ಬರ್ ಬ್ಯಾಂಡ್ ಸುತ್ತಿದರೆ ಬೆಳ್ಳಿಯ ಮೇಲೆ ಕಪ್ಪು ಗೆರೆ ಬೀಳುತ್ತದೆ.

ಸರಕ್ಕೆ ಕೊಂಡಿ ಬೆಸೆದ ಮೇಲೆ ಅದು ನಾಣ್ಯವಲ್ಲ, ಒಡವೆ. ಒಡೆಯರ ಅಥವಾ ಟಿಪ್ಪುವಿನ ನಾಣ್ಯವನ್ನು ಅದಕ್ಕೆ ಕೊಡಬೇಡಿ. ಐದನೇ ಜಾರ್ಜ್‌ನ ಸವೆದ ರೂಪಾಯಿಗಳು ಧಾರಾಳವಾಗಿವೆ, ಅವು ಸಾಕು. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಿದೆ, 1947ರ ರೂಪಾಯಿ ಬರೀ ನಿಕ್ಕಲ್. ಅಕ್ಕಸಾಲಿಗರಿಗೆ ಕೊಡುವ ಮುಂಚೆ ಇಸವಿ ನೋಡಿ.

ಪ್ರಶ್ನೆ: ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವಾಗ ಮಡಕೆ ಚೂರಿನ ಜೊತೆ ನಾಣ್ಯ ಸಿಕ್ಕರೆ ನಮ್ಮದೇ ಅಲ್ಲವೇ?
— ಬೆಳೆಗಾರರು, ಜಯಪುರ

ಉತ್ತರ: ತೋಟ ನಿಮ್ಮದು, ನಿಧಿ ಕಾನೂನಿನದು. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಬರೆದು ತಿಳಿಸಿ. ನಾಣ್ಯಗಳನ್ನು ಹಂಚಿಕೊಳ್ಳಬೇಡಿ, ತೊಳೆಯಬೇಡಿ, ಮಡಕೆ ಚೂರನ್ನೂ ಎಸೆಯಬೇಡಿ. ಅಗೆದ ಜಾಗದ ಫೋಟೊ ತೆಗೆದಿಡಿ. ಎಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬ ವಿವರ ಹೋದರೆ ಆ ನಾಣ್ಯದ ಚರಿತ್ರೆಯ ಅರ್ಧ ಹೋದಂತೆ. ಮನೆಯಲ್ಲಿ ವಂಶಪಾರಂಪರ್ಯವಾಗಿ ಬಂದ ನಾಣ್ಯ ಇದರಡಿ ಬರುವುದಿಲ್ಲ. ಆದರೆ ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶಕ್ಕೆ ಕಳಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಅಮೆರಿಕದ ಮಗನಿಗೆ ಕೊಟ್ಟು ಕಳಿಸುವವರು ಗಮನಿಸಿ.

ಪ್ರಶ್ನೆ: ಜರ್ಮನ್ ಸಿಲ್ವರ್ ತಟ್ಟೆ, ಜರ್ಮನಿಯ ಬೆಳ್ಳಿ ನಾಣ್ಯ ಎರಡೂ ಒಂದೇ ಬೆಳ್ಳಿಯೇ? ಸಾಚಾ ಬೆಳ್ಳಿಯನ್ನು ಮನೆಯಲ್ಲೇ ಪತ್ತೆ ಮಾಡುವುದು ಹೇಗೆ?
— ಅಂಗಡಿಯವರು, ಶೃಂಗೇರಿ

ಉತ್ತರ: ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯ ಚೂರೂ ಇಲ್ಲ. ತಾಮ್ರ, ಸತು, ನಿಕ್ಕಲ್ ಬೆರೆಸಿದ ಲೋಹ ಅದು. ಚೀನೀಯರ ಇಂಥದೇ ಬಿಳಿ ಲೋಹವನ್ನು ಅನುಕರಿಸಿ 1823ರಲ್ಲಿ ಸ್ಯಾಕ್ಸನಿಯ ಗೈಟ್ನರ್ ತಯಾರಿಸಿದ.

ಪತ್ತೆ ಮಾಡುವುದು ಸುಲಭ. ನೂರನೇ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ನಾಣ್ಯ ತೂಗಿ, 1835ರ ನಂತರದ ರೂಪಾಯಿಯಾದರೆ 11.66 ಬರಬೇಕು, ಸವೆದಿದ್ದರೆ ಸ್ವಲ್ಪ ಕಡಿಮೆ. ಆಮೇಲೆ ನೀರು ತುಂಬಿದ ಲೋಟ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರೊಳಗೆ ಇಳಿಬಿಡಿ. ತಕ್ಕಡಿ 1.13ರ ಆಸುಪಾಸು ತೋರಿಸಿದರೆ ನಾಣ್ಯದ ತೂಕವನ್ನು ಅದರಿಂದ ಭಾಗಿಸಿ: 10.3. ರೂಪಾಯಿ ಬೆಳ್ಳಿಯ ಸಾಂದ್ರತೆ ಅಷ್ಟೇ. ಜರ್ಮನ್ ಸಿಲ್ವರ್, ಹಿತ್ತಾಳೆಗಳಿಗೆ ಎಂಟೂವರೆಯ ಸುತ್ತಮುತ್ತ ಬರುತ್ತದೆ. ಟಿಪ್ಪುವಿನ ಎರಡು ರೂಪಾಯಿಯ ದೊಡ್ಡ ನಾಣ್ಯ ‘ಹೈದರಿ’ ಎಂದು ಯಾರಾದರೂ ತಂದರೆ ಮೊದಲು ಈ ಪರೀಕ್ಷೆ ಮಾಡಿ. ಅಂಚಿನಲ್ಲಿ ಎರಡು ಅರ್ಧ ಸೇರಿಸಿದ ಗೆರೆ, ಮೈಮೇಲೆ ಎರಕದ ಸಣ್ಣ ಗುಳಿಗಳಿದ್ದರೆ ಅದು ನಕಲಿ. ಸಾಚಾ ನಾಣ್ಯಗಳನ್ನು ಕಣ್ಣಾರೆ ನೋಡಿ ಅಭ್ಯಾಸವಾಗಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ. ನಿಮಗೆ ಹತ್ತಿರವೆಂದರೆ ಘಟ್ಟ ಇಳಿದರೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯ. ತೆರೆದಿರುವ ದಿನ ವಿಚಾರಿಸಿಕೊಂಡು ಹೊರಡಿ.

ಮುಂದೆ ಪತ್ರ ಬರೆಯುವವರಲ್ಲಿ ಒಂದು ಕೋರಿಕೆ. ಎರಡೂ ಬದಿಯ ಫೋಟೊ, ಅಂಚಿನ ಫೋಟೊ, ತೂಕ ಕಳಿಸಿ. ಜೊತೆಗೆ ನಾಣ್ಯ ನಿಮ್ಮ ಮನೆಗೆ ಯಾರಿಂದ, ಯಾವ ದುಡಿಮೆಯಿಂದ ಬಂತು ಎಂದು ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆಯಿರಿ. ದೊರೆಯ ಹೆಸರು, ಬೆಳ್ಳಿಯ ಪಾಲು ಎರಡನ್ನೂ ನಾನು ಹೇಳಬಲ್ಲೆ. ಈ ಮೂರನೆಯದನ್ನು ನೀವೇ ಹೇಳಬೇಕು.